ತಿಮ್ಮರಾಯಪ್ಪನ ಚುಕ್ಕಿಗಳು

"ಒಂಬತ್ತನೇ ಕ್ಲಾಸಿಗೇ ಶಾಲೆ ಬಿಟ್ಟೋನ ಕೈಗೆ ಕಂಪ್ಯೂಟರ್ ಕೊಟ್ರೆ ಇನ್ನೇನಾಗ್ತೈತ್ರಿ? ಎಮ್ಮೆ ಕಾಯಾಕೆ ಕಳಿಸ್ಬೇಕಿತ್ತು ಇವನ್ನ!"

ಬೆಂಚಿನ ಮೇಲೆ ಕೂತಿದ್ದ ಹತ್ತು ಹನ್ನೆರಡು ಜನರ ಮುಂದೆ ಲ್ಯಾಬಿನ ಮಾಲೀಕ ಪ್ರಸನ್ನಕುಮಾರ್ ಹೀಗೆಂದ. ಹೊಸದುರ್ಗದ ಆ ರಕ್ತಪರೀಕ್ಷೆ ಲ್ಯಾಬಿನಲ್ಲಿ ಹೆಸರು ಟೈಪ್ ಮಾಡುವವನು ನಾನು. ಎದುರಿಗೆ ಪುಟ್ಟಕ್ಕ ರಿಪೋರ್ಟು ಹಿಡಿದು ನಿಂತಿದ್ದಳು. ಅವಳ ಗಂಡ ತಿಮ್ಮರಾಯಪ್ಪನಿಗೆ ಸಕ್ಕರೆ ಕಾಯಿಲೆ ಮಿತಿಮೀರಿದೆ ಎಂದು ನಾವೇ ಕೊಟ್ಟ ಕಾಗದ. ಬೇರೆ ಕಡೆ ತೋರಿಸಿದರೆ ಏನೂ ಇಲ್ಲವಂತೆ.

"ಮೂರು ದಿನದಿಂದ ನನ್ ಗಂಡ ಹೆದ್ರಿಕಂಡು ರಾಗಿ ಮುದ್ದೆನೂ ಮುಟ್ಟಿಲ್ಲ ಕಣಪ್ಪಾ!" ಎಂದು ಕಾಗದವನ್ನು ಮೇಜಿನ ಮೇಲೆ ಬಿಸಾಕಿ ಹೋದಳು.

ನನಗೆ ಮೈಯೆಲ್ಲ ಉರಿಯಿತು. ಅದಕ್ಕಿಂತ ಹೆಚ್ಚಾಗಿ ಹೆದರಿಕೆಯಾಯಿತು. ಅವಳ ಗಂಡ ರಕ್ತ ಕೊಟ್ಟ ದಿನವೇ ಇನ್ನೊಬ್ಬ ತಿಮ್ಮರಾಯಪ್ಪನೂ ರಕ್ತ ಕೊಟ್ಟಿದ್ದ, ಹಾಲುರಾಮೇಶ್ವರದವನು. ಏನೂ ಇಲ್ಲ ಎಂಬ ರಿಪೋರ್ಟು ಅವನ ಮನೆಯಲ್ಲಿದೆ. ಅದಲುಬದಲಾಗಿದ್ದರೆ ಆ ಮನುಷ್ಯ ಈಗ ನಿಶ್ಚಿಂತೆಯಿಂದ ಹೋಳಿಗೆ ತಿನ್ನುತ್ತಿರಬಹುದು.

ನನ್ನ ತಪ್ಪೆಂದು ಸಾಬೀತು ಮಾಡಲು ಮಾಲೀಕ ಚಿತ್ರದುರ್ಗದಿಂದ ನಾಜಿಮಾ ಅವರನ್ನು ಕರೆಸಿದ. ಕೆಟ್ಟ ಸಾಫ್ಟ್‌ವೇರ್ ರಿಪೇರಿ ಮಾಡುವುದೇ ಅವರ ಕೆಲಸ. ಇಂಥ ಕೆಲಸಕ್ಕೆ ಇದುವರೆಗೆ ಬಂದವರೆಲ್ಲ ನನ್ನನ್ನು ಎಬ್ಬಿಸಿ ಕುರ್ಚಿ ಹಿಡಿಯುತ್ತಿದ್ದರು. ಇವರು ಪಕ್ಕದಲ್ಲೊಂದು ಸ್ಟೂಲು ಹಾಕಿಕೊಂಡು, "ದಿನಾ ಹೆಂಗ್ ಮಾಡ್ತೀಯೋ ಹಂಗೇ ಮಾಡಪ್ಪ, ನಾನಿಲ್ಲ ಅಂದ್ಕೊ" ಎಂದರು.

ತಿಮ್ಮರಾಯಪ್ಪ ಎಂದು ಹೊಡೆದೆ. ಈ ಹೆಸರು ಆಗಲೇ ಇದೆ ಎಂದು ಕಂಪ್ಯೂಟರ್ ತಳ್ಳಿಹಾಕಿತು. ಹೆಸರಿನ ಕೊನೆಗೊಂದು ಚುಕ್ಕಿ ಇಟ್ಟೆ. ಅದೂ ಇದೆ ಎಂದಿತು. ಐದನೇ ಚುಕ್ಕಿಗೆ ಒಪ್ಪಿಕೊಂಡಿತು.

"ಯಾರು ಹೇಳ್ಕೊಟ್ರು ಇದನ್ನ?"

"ಸಾಫ್ಟ್‌ವೇರ್ ಮಾರಿದೋನೇ ಅಕ್ಕಾ, ಫೋನ್‌ನಲ್ಲಿ."

ಬೈಯುತ್ತಾರೆಂದು ಹಲ್ಲು ಕಚ್ಚಿ ಕೂತಿದ್ದೆ. ಅವರು ನಕ್ಕರು. "ಹಿರಿಯೂರಲ್ಲಿ ಒಬ್ರು ತಿಮ್ಮರಾಯಪ್ಪ ಒಂದು, ತಿಮ್ಮರಾಯಪ್ಪ ಎರಡು ಅಂತ ಬರೀತಿದ್ರು. ಹೊಳಲ್ಕೆರೇಲಿ ಬೇಕಂತ್ಲೇ ಕಾಗುಣಿತ ತಪ್ಪಿಸ್ತಿದ್ರು. ಎಲ್ಲಿ ಹೋದ್ರೂ ಇದೇ ಉಪಾಯ, ಎಲ್ರಿಗೂ ತಾನೇ ಕಂಡ್ಹಿಡಿದೆ ಅಂತ ಖುಷಿ. ನಾನೇನು ಕಮ್ಮಿ? ಹೆಸರು ಬ್ಯಾಡ ಅಂತ ಮೊಬೈಲ್ ನಂಬರನ್ನೇ ಗುರುತು ಮಾಡಿದ್ದೆ. ಒಂದು ಮನೇಲಿ ಅತ್ತೆ-ಸೊಸೆಗೆ ಒಂದೇ ಫೋನು. ಎಪ್ಪತ್ತು ವರ್ಷದ ಅತ್ತೆ ಬಸುರಿ ಅಂತ ರಿಪೋರ್ಟ್ ಬಂತು!"

ಬೆಂಚಿನವರೆಲ್ಲ ಗೊಳ್ಳೆಂದರು. ಇಷ್ಟು ಓದಿದವರೊಬ್ಬರು ತಮ್ಮ ತಪ್ಪನ್ನು ಜನರ ಮುಂದೆ ಹೀಗೆ ಹೇಳಿಕೊಂಡದ್ದನ್ನು ನಾನು ನೋಡಿಯೇ ಇರಲಿಲ್ಲ.

ಆಮೇಲೆ ಆ ದಿನದ ಇಬ್ಬರು ತಿಮ್ಮರಾಯಪ್ಪಂದಿರ ಟ್ಯೂಬಿಗೆ ಅಂಟಿಸಿದ್ದ ಚೀಟಿಗಳನ್ನು ಮತ್ತೆ ಪ್ರಿಂಟ್ ಮಾಡಿಸಿದರು. ಪರದೆಯ ಮೇಲೆ ಒಬ್ಬನಿಗೆ ಮೂರು ಚುಕ್ಕಿ, ಇನ್ನೊಬ್ಬನಿಗೆ ನಾಲ್ಕು. ಪ್ರಿಂಟಾದ ಚೀಟಿಯಲ್ಲಿ ಚುಕ್ಕಿಗಳೆಲ್ಲ ಉದುರಿಹೋಗಿ ಬರೀ ಹೆಸರು ಉಳಿದಿತ್ತು. ಎರಡನ್ನೂ ನನ್ನ ಮುಂದೆ ಹಿಡಿದರು. "ಈಗ್ ಹೇಳು, ಯಾವ್ದು ಯಾರ್ದು?"

ಮೂರು ವರ್ಷ ನಾನು ಚುಕ್ಕಿ ಎಣಿಸಿದ್ದೆ. ಎಡವಟ್ಟು ಎಲ್ಲಿದೆಯೆಂದು ಹಿಡಿಯಲು ಅವರಿಗೆ ಅರ್ಧ ಗಂಟೆ ಸಾಕಾಯಿತು.

"ಸಾರ್, ಹನುಮೇಶನ ತಪ್ಪೇನಿಲ್ಲ," ಅವರು ಬೆಂಚಿನವರಿಗೆಲ್ಲ ಕೇಳುವಂತೆ ಮಾಲೀಕನಿಗೆ ಹೇಳಿದರು. "ಈ ಸೀಮೇಲಿ ತಿಮ್ಮರಾಯಪ್ಪ ಒಬ್ನೇ ಇರ್ತಾನಾ? ತಲೆಗೊಂದು ನಂಬರ್ ಕೊಡ್ಬೇಕು, ಅದನ್ನ ನಾನು ಮಾಡ್ತೀನಿ. ಮೊದ್ಲು ಹಾಲುರಾಮೇಶ್ವರದೋರಿಗೆ ಹೇಳಿಕಳಿಸ್ರಿ."

ಮಾಲೀಕ ದನಿ ತಗ್ಗಿಸಿದ. "ಅವ್ನಾಗೇ ಬಂದಾಗ ನೋಡಣ ಬಿಡ್ರಿ. ಈಗ ಹೇಳಿದ್ರೆ ಲ್ಯಾಬಿನ ಮರ್ಯಾದೆ ಏನಾಗ್ಬೇಕು?" ಆಮೇಲೆ ನನ್ನ ಕಡೆ ತಿರುಗಿ, "ಲೇ ಹನುಮೇಶ, ನಿನ್ ತಪ್ಪಿಲ್ಲ ಅಂತ ಆಯ್ತಲ್ಲ? ಕುಂತ್ಕ, ಟೀ ತರಿಸ್ತೀನಿ" ಎಂದ.

ನಾಜಿಮಾ ನನ್ನನ್ನೇ ನೋಡುತ್ತಿದ್ದರು.

ಪುಟ್ಟಕ್ಕ ಬಿಸಾಕಿದ್ದ ರಿಪೋರ್ಟನ್ನು ಮಡಿಚಿ ಜೇಬಿಗಿಟ್ಟುಕೊಂಡು ಎದ್ದೆ.

"ಎಲ್ಲಿಗ್ ಹೊಂಟ್ಯಲೇ? ಹಾಲುರಾಮೇಶ್ವರಕ್ಕಾ? ಹೋದ್ರೆ ನಾಳಿಂದ ಬರಬ್ಯಾಡ!"

ಮೆಟ್ಟಿಲಿಳಿದು ಬಸ್ ಸ್ಟ್ಯಾಂಡಿನ ಕಡೆ ನಡೆದೆ.