ಹರಾಜಣ್ಣನ ಪಿಸುಮಾತು

ತರಕಾರಿ ಮಂಡಿಯಲ್ಲಿ ಇಪ್ಪತ್ತು ವರ್ಷ ಹರಾಜು ಕೂಗಿದ ಗಂಟಲು ಅದು. ಈ ತುದಿಯಲ್ಲಿ ನಿಂತು ಟೊಮೆಟೊ ಬೆಲೆ ಕೂಗಿದರೆ ಆ ತುದಿಯ ಲಾರಿಯೊಳಗೆ ಗೊರಕೆ ಹೊಡೆಯುತ್ತಿದ್ದ ಡ್ರೈವರ್ ಎದ್ದು ಕೂರುತ್ತಿದ್ದ. ಹೆತ್ತವರು ಇಟ್ಟ ಹೆಸರು ಯಾವತ್ತೋ ಮರೆತುಹೋಗಿ ಅವನು ಎಲ್ಲರಿಗೂ ಹರಾಜಣ್ಣನೇ ಆಗಿಬಿಟ್ಟಿದ್ದ. ಹೀಗಿರುವಾಗ ಮಂಡಿಯವರು ಗೋಡೆಗೊಂದು ದೊಡ್ಡ ಪರದೆ ಹಾಕಿಸಿದರು. ವ್ಯಾಪಾರಿಗಳು ಕೂತಲ್ಲೇ ಮೊಬೈಲಿನಲ್ಲಿ ಬೆಲೆ ಒತ್ತತೊಡಗಿದರು. ಹರಾಜಣ್ಣ ಒಂದು ವಾರ ಪರದೆಯ ಕೆಳಗೆ ಕೈಕಟ್ಟಿ ನಿಂತು ನೋಡಿ, ಮನೆಗೆ ಬಂದು ಕೂತ.

ಮನೆಯಲ್ಲಿ ಕೂತ ಗಂಡಸು ಎಷ್ಟು ಜಾಗ ಹಿಡಿಯುತ್ತಾನೆಂಬುದು ಅವನ ಹೆಂಡತಿಗೆ ಬೇಗನೇ ಅರ್ಥವಾಯಿತು. ಮಗಳನ್ನು ಕರೆದುಕೊಂಡು ಸಾರ್ವಜನಿಕ ಗ್ರಂಥಾಲಯಕ್ಕೆ ಹೋದಾಗ ಅವಳು ಅಲ್ಲೊಂದು ಪ್ರಕಟಣೆ ನೋಡಿದಳು. ಅಪ್ರೆಂಟಿಸ್ ಬೇಕಾಗಿದ್ದಾರೆ, ಒಂದು ವರ್ಷ ಕೆಲಸ ಮಾಡುತ್ತಲೇ ಕಲಿಯಬೇಕು, ಕೊನೆಗೆ ಪರೀಕ್ಷಕರು ಒಪ್ಪಿದರೆ ಕೆಲಸ ಕಾಯಂ, ವಯಸ್ಸಿನ ಮಿತಿಯಿಲ್ಲ.

"ಲೈಬ್ರರೀನಾ? ನಾನಾ?" ಎಂದ ಹರಾಜಣ್ಣ.

"ನೀವೇ ರೀ. ಪೊಟ್ಟಣ ಕಟ್ಟಿದ ಕಾಗದಾನೂ ಬಿಡದೆ ಓದ್ತೀರಲ್ಲ. ಓದೋದು ಮುಗಿಯೋ ತನಕ ಒಗ್ಗರಣೆಗೆ ಸಾಸಿವೆ ಸಿಗಲ್ಲ ನಂಗೆ."

ಸಂದರ್ಶನ ಮಾಡಿದ್ದು ಗ್ರಂಥಪಾಲಕಿ. ಹರಾಜಣ್ಣನಿಗಿಂತ ಹತ್ತು ವರ್ಷ ಚಿಕ್ಕವರು, ನಡೆದರೆ ಚಪ್ಪಲಿಗೂ ಗೊತ್ತಾಗದಂಥ ನಡಿಗೆ. ಇಲ್ಲಿಗೇ ಯಾಕೆ ಬರಬೇಕೆನಿಸಿತು ಎಂದು ಕೇಳಿದರು.

"ಮೇಡಂ, ಜನ ಏನು ಬೇಕು ಅಂತ ಬಾಯಿಬಿಟ್ಟು ಹೇಳಲ್ಲ. ಬದನೆಕಾಯಿ ಮುಟ್ಟಿ ನೋಡ್ತಾರೆ, ಬೆಂಡೆಕಾಯಿ ತಗೊಂಡು ಹೋಗ್ತಾರೆ. ಪುಸ್ತಕದ ಗಿರಾಕಿಗಳೂ ಹಾಗೇ ಇರಬಹುದು ಅಂತ ಬಂದೆ."

ಮೇಡಂ ನಕ್ಕರು. ಕೆಲಸ ಸಿಕ್ಕಿತು. ಅವನು ಮಾತಾಡುತ್ತಿದ್ದಷ್ಟು ಹೊತ್ತೂ ಅವರು ಮೇಜಿನ ಮೇಲಿನ ಕಾಗದ ಹಾರದಂತೆ ಕೈ ಊರಿಕೊಂಡಿದ್ದನ್ನು ಅವನು ಗಮನಿಸಿರಲಿಲ್ಲ.

ಮೊದಲ ದಿನವೇ ತೊಂದರೆ ಶುರುವಾಯಿತು. ಬಾಗಿಲಲ್ಲಿ ನಿಂತ ಹೆಂಗಸೊಬ್ಬಳು ಹೊಲಿಗೆ ಪುಸ್ತಕ ಎಲ್ಲಿದೆ ಎಂದು ಪಿಸುಗುಟ್ಟಿದಳು. "ಮೂರನೇ ಸಾಲು, ಕೆಳಗಿನ ಕಪಾಟು" ಎಂದು ಹರಾಜಣ್ಣ ತನ್ನ ಲೆಕ್ಕದಲ್ಲಿ ಪಿಸುಗುಟ್ಟಿಯೇ ಹೇಳಿದ. ಓದುವ ಕೋಣೆಯಲ್ಲಿ ಅಷ್ಟೂ ತಲೆಗಳು ಒಟ್ಟಿಗೆ ಮೂರನೇ ಸಾಲಿನ ಕಡೆ ತಿರುಗಿದವು. ಪತ್ರಿಕೆಯ ಮೇಲೆ ತೂಕಡಿಸುತ್ತಿದ್ದ ನಿವೃತ್ತ ಮೇಷ್ಟ್ರ ಕನ್ನಡಕ ಮಡಿಲಿಗೆ ಬಿತ್ತು.

"ಸ್ವಲ್ಪ ಮೆಲ್ಲಗೆ" ಎಂದರು ಮೇಡಂ.

"ಮೆಲ್ಲಗೇ ಹೇಳಿದ್ದು ಮೇಡಂ" ಎಂದ. ಅದೂ ಎಲ್ಲರಿಗೂ ಕೇಳಿಸಿತು.

ಉಳಿದ ಕೆಲಸಗಳನ್ನು ಅವನು ಚುರುಕಾಗಿಯೇ ಕಲಿತ. ಬೆನ್ನಿನ ಮೇಲಿನ ಅಂಕಿ ನೋಡಿ ಪುಸ್ತಕ ಜೋಡಿಸುವುದು, ಹರಿದ ಹಾಳೆಗೆ ಅಂಟು ಹಚ್ಚುವುದು, ತಿಂಗಳುಗಟ್ಟಲೆ ಪುಸ್ತಕ ಇಟ್ಟುಕೊಂಡವರಿಗೆ ಫೋನ್ ಮಾಡುವುದು. ಈ ಕೊನೆಯದರಲ್ಲಂತೂ ಅವನ ಗಂಟಲಿಗೆ ಎದುರಿಲ್ಲ. ಫೋನ್ ಇಡುವುದಕ್ಕೆ ಮುಂಚೆಯೇ ಕೆಲವರು ಪುಸ್ತಕ ಹಿಡಿದು ಮನೆ ಬಿಟ್ಟಿರುತ್ತಿದ್ದರು. ಮೆತ್ತಗೆ ಮಾತಾಡುವುದು ಮಾತ್ರ ಬರಲಿಲ್ಲ.

ಕೊನೆಗೆ ಹೆಂಡತಿ ಸೊಂಟಕ್ಕೆ ಸೆರಗು ಸಿಕ್ಕಿಸಿದಳು. "ಇವತ್ತಿಂದ ಈ ಮನೇಲಿ ಎಲ್ಲರೂ ಪಿಸುಮಾತೇ. ಜೋರಾಗಿ ಕೇಳಿದ್ರೆ ಊಟ ಬಡಿಸಲ್ಲ." ಹರಾಜಣ್ಣ ಅನ್ನ, ಸಾರು ಎಂದು ಗಾಳಿಯಲ್ಲಿ ತುಟಿಯಾಡಿಸುವುದನ್ನು ಕಲಿತ. ಮಗಳಿಗೆ ಇದು ಆಟವಾಯಿತು. ಶಾಲೆಯ ಜಗಳಗಳನ್ನೂ ಅವಳು ಪಿಸುಮಾತಿನಲ್ಲೇ ವರದಿ ಮಾಡತೊಡಗಿದಳು. ಗಂಡ ಹೆಂಡಿರು ಕಿವಿಗೆ ಬಾಯಿಟ್ಟು ಗ್ಯಾಸ್ ಮುಗಿದ ಸುದ್ದಿ ಮಾತಾಡಿಕೊಂಡರು.

ಈ ಏರ್ಪಾಡನ್ನು ಹರಾಜಣ್ಣನ ತಾಯಿಗೆ ತಿಳಿಸಬೇಕೆಂದು ಯಾರಿಗೂ ಹೊಳೆಯಲಿಲ್ಲ. ಮುದುಕಿಗೆ ಮೊದಲೇ ಕಿವಿ ಮಂದ. ಮನೆಯವರೆಲ್ಲ ಬಾಯಾಡಿಸುತ್ತಿದ್ದಾರೆ, ಒಂದಕ್ಷರ ಕೇಳುತ್ತಿಲ್ಲ. ಉಳಿದದ್ದೂ ಹೋಯಿತು ಎಂದುಕೊಂಡಳು. ಹೇಳಿದರೆ ಮಗ ಸಂಕಟಪಡುತ್ತಾನೆ ಎಂದು ನುಂಗಿಕೊಂಡು, ಯಾರು ಏನೇ ಅಂದರೂ "ಹೂಂ, ಹಾಗೇ ಮಾಡಿ" ಎಂದು ತಲೆಯಾಡಿಸುತ್ತಿದ್ದಳು. ಅಜ್ಜಿ ಹೂಂ ಅಂದರು ಎಂಬ ಧೈರ್ಯದ ಮೇಲೆ ಮೊಮ್ಮಗಳು ಒಂದು ಬೆಕ್ಕಿನ ಮರಿ ತಂದು ಸಾಕಿಕೊಂಡಳು.

ಅತ್ತ ಗ್ರಂಥಾಲಯದಲ್ಲಿ ಅಭ್ಯಾಸ ಕೈಗೂಡುವಂತೆ ಕಾಣುತ್ತಿತ್ತು. ಒಂದು ಮಧ್ಯಾಹ್ನ ಮೇಡಂ ಬ್ಯಾಂಕಿಗೆ ಹೋಗುತ್ತ ಅವನೊಬ್ಬನನ್ನೇ ಕೌಂಟರಿನಲ್ಲಿ ಬಿಟ್ಟರು. ಆಗಲೇ ಇಬ್ಬರು ಓದುಗರು ಒಂದೇ ಪತ್ತೇದಾರಿ ಕಾದಂಬರಿಯ ಎರಡು ತುದಿ ಹಿಡಿದುಕೊಂಡು ಬಂದರು. ಒಬ್ಬರು ನಿವೃತ್ತ ಮೇಷ್ಟ್ರು, ಇನ್ನೊಬ್ಬಳು ಎದುರಿನ ಔಷಧಿ ಅಂಗಡಿಯವಳು. ನಾನು ಮೊದಲು ಮುಟ್ಟಿದೆ ಎಂದರು ಅವರು. ನಾನು ಮೊದಲು ನೋಡಿದೆ ಎಂದಳು ಇವಳು.

ಹರಾಜಣ್ಣನ ಮೈಯಲ್ಲಿ ಏನೋ ಎದ್ದು ನಿಂತಿತು. ಪುಸ್ತಕವನ್ನು ಕಸಿದು ತಲೆಯ ಮೇಲೆತ್ತಿ ಹಿಡಿದ. "ಎಷ್ಟು ದಿನಕ್ಕೆ ಓದಿ ವಾಪಸ್ ಕೊಡ್ತೀರಿ? ಹೇಳಿ."

"ಹತ್ತು ದಿನ" ಎಂದರು ಮೇಷ್ಟ್ರು.

"ಎಂಟು" ಎಂದಳು ಔಷಧಿ ಅಂಗಡಿಯವಳು.

"ಎಂಟು, ಎಂಟು, ಎಂಟು. ಗಟ್ಟಿ ರಟ್ಟು, ಒಂದು ಹಾಳೆ ಹರಿದಿಲ್ಲ, ಒಳಗೆ ಎರಡು ಕೊಲೆ. ಎಂಟಕ್ಕಿಂತ ಕೆಳಗೆ ಯಾರು?"

"ಆರು" ಎಂದು ಮೂಲೆಯಿಂದ ಇನ್ಯಾರೋ ಕೈಯೆತ್ತಿದರು. ಓದುವ ಕೋಣೆ ಖಾಲಿಯಾಗಿ ಕೌಂಟರಿನ ಮುಂದೆ ಗುಂಪು ಸೇರಿತು. ಬೆಲೆ ನಾಲ್ಕಕ್ಕಿಳಿದು ಮೂರಕ್ಕೆ ನಿಂತಿತು. "ಮೂರು ದಿನ ಒಂದನೇ ಸಲ, ಮೂರು ದಿನ ಎರಡನೇ ಸಲ" ಎಂದು ಅವನು ಕೂಗುತ್ತಿದ್ದದ್ದು ರಸ್ತೆಯ ಆಚೆಯ ಬ್ಯಾಂಕಿನಲ್ಲಿ ಸಾಲಿನಲ್ಲಿ ನಿಂತಿದ್ದ ಮೇಡಂಗೆ ಕೇಳಿಸಿತು. ಸಾಲು ಬಿಟ್ಟು ಓಡಿ ಬಂದರು.

ಅವರು ಬೈಯಲಿಲ್ಲ. ಅವನಿಗೆ ಅದೇ ಹೆಚ್ಚು ಚುಚ್ಚಿತು. "ನಾಳೆಯಿಂದ ಹಿಂದಿನ ಕೋಣೇಲಿ ಹಳೇ ಪುಸ್ತಕ ರಿಪೇರಿ ಮಾಡಿ. ಕೌಂಟರ್ ಬೇಡ" ಎಂದರು ಅಷ್ಟೆ. ಆ ಸಂಜೆ ಮನೆಯಲ್ಲಿ ಹರಾಜಣ್ಣ ಪಿಸುಮಾತನ್ನೂ ಆಡಲಿಲ್ಲ. ಮಗನ ತುಟಿಯೂ ಅಲ್ಲಾಡದ್ದನ್ನು ಕಂಡು ತಾಯಿಗೆ ಬೇರೆಯೇ ಅನುಮಾನ ಹುಟ್ಟಿತು. ಕೆಟ್ಟಿರುವುದು ನನ್ನ ಕಿವಿಯಲ್ಲ, ಇವನ ಗಂಟಲು.

ಮರುದಿನ ಮುದುಕಿ ಕೊಡೆ ಊರಿಕೊಂಡು ಗ್ರಂಥಾಲಯಕ್ಕೆ ಬಂದಳು.

"ನನ್ನ ಮಗನ ಗಂಟಲಿಗೆ ಏನು ಮಾಡಿದೀಯಮ್ಮ?" ಎಂದು ನೇರವಾಗಿ ಮೇಡಂ ಅವರನ್ನೇ ಕೇಳಿದಳು. ಮಗನ ಗಂಟಲು ಎಲ್ಲಿಂದ ಬಂದದ್ದೆಂದು ಅಲ್ಲಿದ್ದವರಿಗೆ ಆಗ ತಿಳಿಯಿತು. "ಬಂಗಾರದಂಥ ಗಂಟಲು. ಈಗ ಮೀನಿನ ಹಾಗೆ ಬಾಯಿ ತೆಗೆದು ಮುಚ್ತಾನೆ."

ಮೇಡಂ ಮೆಲ್ಲಗೆ ಸಮಾಧಾನ ಹೇಳಿದರು. ಮುದುಕಿಗೆ ಕೇಳಿಸಲಿಲ್ಲ. "ಇವಳಿಗೂ ಹೋಗಿದೆ, ಪಾಪ" ಎಂದಳು.

ಅಂಟಿನ ಕೈಯಲ್ಲೇ ಓಡಿ ಬಂದ ಹರಾಜಣ್ಣ ತಾಯಿಯನ್ನು ಹಿಂದಿನ ಕೋಣೆಗೆ ಕರೆದೊಯ್ದ. "ನಂಗೇನೂ ಆಗಿಲ್ಲ ಅಮ್ಮ, ಇಲ್ಲಿ ಮೆತ್ತಗೆ ಮಾತಾಡಬೇಕು, ಅದಕ್ಕೇ" ಎಂದ, ತನ್ನ ಹಳೆಯ ದನಿಯಲ್ಲಿ. ಮುದುಕಿ ಕಣ್ಣೊರೆಸಿಕೊಂಡಳು. ಕಿವಿಯೂ ಇದೆ, ಗಂಟಲೂ ಇದೆ. "ನಂಬಿಕೆ ಬರಲ್ಲ ಕಣೋ. ಇನ್ನೊಂದಿಷ್ಟು ಮಾತಾಡು."

ಏನು ಮಾತಾಡುವುದು? ಕೈಯಲ್ಲಿ ರಟ್ಟು ಕಟ್ಟುತ್ತಿದ್ದ ಹಳೆಯ ಕಾದಂಬರಿಯಿತ್ತು. ಅದನ್ನೇ ತೆರೆದು ಓದಿದ. ಎರಡು ಪುಟ ಮುಗಿಯುವಷ್ಟರಲ್ಲಿ ನಿವೃತ್ತ ಮೇಷ್ಟ್ರು ಬಾಗಿಲಲ್ಲಿ ನಿಂತಿದ್ದರು. ಅವರ ಹಿಂದೆ ಕಣ್ಣಿಗೆ ಪೊರೆ ಬಂದ ಇನ್ನಿಬ್ಬರು ಹಿರಿಯರು.

"ಮೊದಲಿಂದ ಓದಪ್ಪ" ಎಂದರು ಮೇಷ್ಟ್ರು. "ಪತ್ರಿಕೆಯ ಅಕ್ಷರ ಕಂಡು ವರ್ಷವಾಯ್ತು. ಸುಮ್ಮನೆ ಮುಂದೆ ಹರಡಿಕೊಂಡು ಕೂತಿರ್ತೀನಿ. ಅವತ್ತು ಆ ಪತ್ತೇದಾರಿ ಕಾದಂಬರಿ ಹಿಡಿದದ್ದೂ ಮನೇಲಿ ಯಾರಾದ್ರೂ ಓದಿ ಹೇಳ್ತಾರೇನೋ ಅಂತ."

ಅವನು ಮೇಡಂ ಮುಖ ನೋಡಿದ. ಮೇಡಂ ಬಾಗಿಲು ಮುಚ್ಚಿದರು, ತಾವು ಒಳಗೇ ಉಳಿದು.

ಅಂದಿನಿಂದ ಬುಧವಾರ ಮಧ್ಯಾಹ್ನ ಹಿಂದಿನ ಕೋಣೆಯಲ್ಲಿ ಓದು ನಡೆಯತೊಡಗಿತು. ಹಿರಿಯರು ಕುರ್ಚಿ ಹಿಡಿಯಲು ಊಟ ಮುಗಿಸಿ ನೇರ ಬರುತ್ತಿದ್ದರು. ತಾಯಿಗೆ ಮುಂದಿನ ಸಾಲು ಕಾಯಂ. ಬಾಗಿಲು ಮುಚ್ಚಿದ್ದರೇನು, ಆ ಗಂಟಲಿಗೆ ಗೋಡೆ ಒಂದು ಲೆಕ್ಕವೇ? ಕೌಂಟರಿಗೂ ಅವನು ವಾಪಸಾದ. ಅಲ್ಲಿ ಆದಷ್ಟು ಕೈಸನ್ನೆಯಲ್ಲೇ ಕೆಲಸ ಸಾಗಿಸಿದ.

ವರ್ಷದ ಕೊನೆಗೆ ಪರೀಕ್ಷಕರು ಬಂದರು. ಒಂದು ಗಾಡಿ ಪುಸ್ತಕ ಕೊಟ್ಟು ಜೋಡಿಸಲು ಹೇಳಿದರು. ಹರಾಜಣ್ಣ ಜೇನು ಸಾಕಣೆಯ ಪುಸ್ತಕವೊಂದನ್ನು ಮದುವೆಯ ಪುಸ್ತಕಗಳ ಪಕ್ಕ ಇಟ್ಟದ್ದು ಬಿಟ್ಟರೆ ಎಲ್ಲ ಸರಿಯಿತ್ತು. ಓದುಗರು ದೂರು ತಂದರೆ ಏನು ಮಾಡುತ್ತೀರಿ ಎಂದು ಅವರು ಕೇಳುತ್ತಿರುವಾಗಲೇ, ನೌಕರಿ ಪರೀಕ್ಷೆಗೆ ಓದಲು ದಿನವೂ ಬರುತ್ತಿದ್ದ ಹುಡುಗಿ ಮುಖ ಗಂಟಿಕ್ಕಿಕೊಂಡು ಕೌಂಟರಿಗೆ ಬಂದಳು.

"ಸರ್, ನಿಮ್ಮ ಮೇಲೇ ದೂರಿದೆ. ಬುಧವಾರ ಗೋಡೆ ಆಚೆಯಿಂದ ಎಲ್ಲಾ ಕೇಳಿಸುತ್ತೆ. ನಮಗೆ ಒಂದಕ್ಷರ ಓದಕ್ಕಾಗಲ್ಲ."

ಪರೀಕ್ಷಕರ ಪೆನ್ನು ಮೇಲೆದ್ದಿತು.

"ಹೋಗಲಿ, ಓದೋದಾದ್ರೆ ಪೂರ್ತಿ ಓದಿ" ಎಂದಳು ಹುಡುಗಿ. "ಸೊಸೆ ಒಬ್ಳೇ ಇದ್ದಾಗ ಯಾರೋ ಬಾಗಿಲು ತಟ್ಟಿದ್ರು ಅನ್ನೋ ಕಡೆ ಕಥೆ ನಿಲ್ಲಿಸಿ ಹೋಗಿಬಿಟ್ರಿ. ಅವತ್ತಿಂದ ನಮ್ಮ ಮೇಜಲ್ಲಿ ಯಾರೂ ಪುಸ್ತಕ ಮುಟ್ಟಿಲ್ಲ. ಆ ಸೊಸೆ ಬಾಗಿಲು ತೆಗೆದಳಾ ಇಲ್ವಾ?"

"ಅದು ನಂಗೂ ಗೊತ್ತಿಲ್ಲಮ್ಮ" ಎಂದ ಹರಾಜಣ್ಣ. "ಪುಸ್ತಕ ನಮ್ಮಮ್ಮ ಮನೆಗೆ ತಗೊಂಡು ಹೋಗಿದಾರೆ."

ಪರೀಕ್ಷಕರು ಏನೋ ಬರೆದುಕೊಂಡರು. ಹೊರಡುವಾಗ ಪರೀಕ್ಷಕರೇ ಮೇಡಂ ಅವರನ್ನು ಪಕ್ಕಕ್ಕೆ ಕರೆದು, ಬುಧವಾರದ ಓದು ಎಷ್ಟು ಗಂಟೆಗೆ ಎಂದು ವಿಚಾರಿಸಿದರು.

ಕೆಲಸ ಕಾಯಂ ಆಯಿತು. ಕಾಯಂ ನೌಕರನಾಗಿ ಹರಾಜಣ್ಣ ಮಾಡಬೇಕಾದ ಮೊದಲ ಕೆಲಸ, ಅವಧಿ ಮೀರಿದ ಆ ಕಾದಂಬರಿಯನ್ನು ತಾಯಿಯಿಂದ ವಸೂಲು ಮಾಡುವುದು. ಮನೆಗೆ ಹೋದರೆ ಮೊಮ್ಮಗಳು ಅಜ್ಜಿಯ ಕಿವಿಗೆ ಕೂಗಿ ಕೂಗಿ ಓದುತ್ತಿದ್ದಳು. ಮರಿ ಬೆಕ್ಕು ಅಟ್ಟ ಹತ್ತಿ ಕೂತಿತ್ತು.

"ಅಮ್ಮ, ಪುಸ್ತಕ ಕೊಡು. ಜನ ಕಾಯ್ತಿದ್ದಾರೆ" ಎಂದ, ಬೀದಿಗೆ ಕೇಳುವಂತೆ.

ಮುದುಕಿ ಪುಸ್ತಕವನ್ನು ಮಡಿಲಿಗೆಳೆದುಕೊಂಡು ಸೆರಗು ಮುಚ್ಚಿದಳು. "ಏನೋ ಅಂದ್ಯಾ? ಕೇಳಿಸಲಿಲ್ಲ ಕಣೋ."