ಸೂಜಿಯ ಎರಡು ಕಣ್ಣು

ದಾರ ಮತ್ತೆ ಸೂಜಿಯ ಪಕ್ಕಕ್ಕೆ ತಾಗಿ ಬಾಗಿತು. ತಂಗಿ ಅದರ ತುದಿಯನ್ನು ಬಾಯಲ್ಲಿ ಒದ್ದೆಮಾಡಿ, ಹೊಸೆದು, ಇನ್ನೊಮ್ಮೆ ಗುರಿಯಿಟ್ಟಳು. ತಪ್ಪಿತು.

ನಡುಮನೆಯಲ್ಲಿ ಅಕ್ಕನನ್ನು ಮಲಗಿಸಿದ್ದರು. ಬಾಗಿಲಲ್ಲಿ ಸ್ಮಶಾನಕ್ಕೆ ಹೋಗುವ ವ್ಯಾನು ಕಾಯುತ್ತಿತ್ತು. ಹೊರಡುವ ಹೊತ್ತಿಗೆ ಸರಿಯಾಗಿ ಭಾವನ ಅಂಗಿಯ ಎದೆಗುಂಡಿ ಕಿತ್ತುಬಂದಿತ್ತು. ಊರಿಗೆಲ್ಲ ಗುಂಡಿ ಹಾಕಿಕೊಟ್ಟವಳನ್ನು ಗಂಡ ಹೀಗೆ ಕಳಿಸಿಕೊಡುವುದೇ ಎಂದು ತಂಗಿಯೇ ಅಕ್ಕನ ಹೊಲಿಗೆ ಡಬ್ಬಿ ತಂದು ಕೂತಿದ್ದಳು.

"ಅತ್ತು ಅತ್ತು ಕಣ್ಣು ಮಂಜಾಗಿರತ್ತೆ. ಕೊಡಿಲ್ಲಿ, ನಾನು ಪೋಣಿಸ್ತೀನಿ," ಎಂದರು ಪಕ್ಕದ ಮನೆಯಾಕೆ.

ತಂಗಿ ಬೇಡವೆಂದು ತಲೆಯಾಡಿಸಿದಳು. ಬೆಳಗಿನಿಂದ ಅವಳು ಅತ್ತೇ ಇರಲಿಲ್ಲ. ಅಳುವುದಕ್ಕೂ ಒಂದಿಷ್ಟು ಧೈರ್ಯ ಬೇಕು.

ನೋಡಲು ಬಂದಿದ್ದ ಚಪ್ಪಲಿ ಅಂಗಡಿಯವನು ತಾನು ಅಕ್ಕನಿಗೆ ಹೊಲಿಯಲು ಕೊಟ್ಟ ಪ್ಯಾಂಟನ್ನು ಒಂದು ವರ್ಷ ಬಿಟ್ಟು ಕೇಳಲು ಹೋದದ್ದನ್ನು ನೆನೆಸಿಕೊಂಡ. ಅಷ್ಟರಲ್ಲಿ ಅವನ ಹೊಟ್ಟೆ ಬೆಳೆದಿತ್ತಂತೆ. ಪರವಾಗಿಲ್ಲ ಎಂದು ಅಕ್ಕ ಸೊಂಟ ಬಿಚ್ಚಿ ಹೊಸದಾಗಿ ಹೊಲಿದುಕೊಟ್ಟಳಂತೆ. ಯಾರೋ ನಕ್ಕುಬಿಟ್ಟರು.

*

ಶುರುವಾದದ್ದು ತಮಾಷೆಯಲ್ಲೇ.

"ಈ ಸೂಜಿ ಮಾಡೋರು ಈಗ ಒಂದೊಂದಕ್ಕೆ ಎರಡೆರಡು ಕಣ್ಣು ಇಡ್ತಿದ್ದಾರೆ ಕಣೇ," ಎಂದಿದ್ದಳು ಅಕ್ಕ.

ಆಮೇಲೆ ಬಲಗಣ್ಣು ಮುಚ್ಚಿಕೊಂಡು ದಾರ ಪೋಣಿಸುವುದನ್ನು ಕಲಿತಳು. ಗಿರಾಕಿಗಳಿಗೆ ಕಣ್ಣು ಹೊಡೀತಾಳೆ ಎಂದು ಭಾವ ರೇಗಿಸುತ್ತಿದ್ದ. ತಲೆನೋವು ಸೇರಿಕೊಂಡ ಮೇಲೆ ಸ್ಕ್ಯಾನ್ ಮಾಡಿಸಿದರು. ತಲೆಯೊಳಗೆ ರಕ್ತನಾಳವೊಂದು ಉಬ್ಬಿತ್ತು. ಅದನ್ನು ನೋಡಬೇಕಾದ ಮೆದುಳಿನ ಸರ್ಜನ್ ಆ ಆಸ್ಪತ್ರೆಗೆಲ್ಲ ಒಬ್ಬರೇ. ಸರದಿ ಬರಲು ತಿಂಗಳುಗಟ್ಟಲೆ ಕಾಯಬೇಕಿತ್ತು. ನಡುನಡುವೆ ನರ್ಸ್ ಫೋನ್ ಮಾಡಿ ಹೇಗಿದ್ದೀರಿ, ನೋವು ಜಾಸ್ತಿಯಾಗಿದೆಯೇ ಎಂದು ಕೇಳುತ್ತಿದ್ದಳು. ಜಾಸ್ತಿಯಾದವರನ್ನು ಮುಂದಕ್ಕೆ ಹಾಕಲೆಂದೇ ಆ ಫೋನು.

ಅಕ್ಕ ಪ್ರತಿ ಸಲವೂ ಗಿರಾಕಿಗೆ ಹೇಳುವಂತೆಯೇ ಹೇಳಿದಳು: "ಪರವಾಗಿಲ್ಲಮ್ಮ."

ತಂಗಿ ಜಗಳವಾಡಿದಳು. ರಾತ್ರಿಯೆಲ್ಲ ತಲೆ ಹಿಡಿದುಕೊಂಡು ಕೂರುವವಳು ಹಾಗೇಕೆ ಹೇಳಬೇಕು?

ಅಕ್ಕ ಮಿಷನ್ನಿನ ಚಕ್ರವನ್ನು ಕೈಯಿಂದ ತಡೆದಳು.

"ಜಾಸ್ತಿ ಅಂದ್ರೆ ನಾಳೇನೇ ಬಾ ಅಂತಾರೆ. ಒಂದ್ಸಲ ಬಿಚ್ಚಿದ್ದು ಮತ್ತೆ ಮೊದಲಿನ ಹಾಗೆ ಕೂರಲ್ಲ ಕಣೇ. ಜೀವಮಾನವೆಲ್ಲ ಬಿಚ್ಚಿ ಹೊಲಿದವಳು ನಾನು, ನಂಗೊತ್ತು."

*

ಸರದಿ ಬರುವ ಮೊದಲೇ ಆ ರಕ್ತನಾಳ ಒಡೆಯಿತು. ಒಡಹುಟ್ಟಿದವರೂ ಒಮ್ಮೆ ತೋರಿಸಿಕೊಳ್ಳುವುದು ಒಳ್ಳೆಯದು ಎಂದು ನಿನ್ನೆ ಆಸ್ಪತ್ರೆಯಲ್ಲಿ ಡಾಕ್ಟರು ಭಾವನಿಗೆ ಹೇಳಿದ್ದರು. ಬೆಳಿಗ್ಗೆ ಅವನು ತಂಗಿಯನ್ನು ಕೇಳಿದ್ದ, ನಿಂಗೇನೂ ಇಲ್ಲ ತಾನೆ ಎಂದು. ಅವಳು ಇಲ್ಲವೆಂದಿದ್ದಳು.

ವ್ಯಾನಿನವನು ಹಾರ್ನ್ ಮಾಡಿದ. ಎಲ್ಲರೂ ಎದ್ದರು. ತಂಗಿ ಸುತ್ತ ನೋಡಿದಳು. ಯಾರ ಗಮನವೂ ಇತ್ತ ಇರಲಿಲ್ಲ. ಬಲಗಣ್ಣು ಮುಚ್ಚಿದಳು. ದಾರ ಸಲೀಸಾಗಿ ಒಳಗೆ ಹೋಯಿತು.

ತಲೆಯೆತ್ತಿದರೆ ಭಾವ ನಿಂತಿದ್ದ. ಅವನ ನೋಟ ಅವಳ ಮುಚ್ಚಿದ ಕಣ್ಣಿನ ಮೇಲೇ ಇತ್ತು.

"ಆ ಕಣ್ಣು ತೆಗಿ," ಎಂದ ಮೆಲ್ಲಗೆ.

ಅವಳು ತೆಗೆಯಲಿಲ್ಲ.

"ತೆಗಿಯಮ್ಮ. ಎಷ್ಟು ಕಾಣತ್ತೆ?"

"ಪರ..." ಎಂದಳು. ಕಣ್ಣು ತೆರೆದಳು. ಎದುರಿಗೆ ಇಬ್ಬರು ಭಾವಂದಿರು. ಇಬ್ಬರ ಎದೆಯ ಮೇಲೂ ಗುಂಡಿ ಇರಲಿಲ್ಲ.

"ಎರಡು, ಭಾವ."

ಸೂಜಿ ಇಸಿದುಕೊಳ್ಳಲು ಅವನು ಕೈ ಚಾಚಿದ. ಎರಡರಲ್ಲಿ ಯಾವ ಕೈಗೆ ಕೊಡಬೇಕೆಂದು ತಿಳಿಯದೆ ಅವಳು ಅದನ್ನು ಹಿಡಿದೇ ಕೂತಳು.