ತಡವಾಗಿ ಬರುವ ಸ್ವರ

"ಇನ್ನೊಮ್ಮೆ ಕೇಳುವ," ಎಂದು ಜಯಪ್ರಕಾಶ್ ಸರ್ ಮೋಳಿ ಟೀಚರ ಫೋನಿನಲ್ಲಿ ಹಾಡನ್ನು ಮತ್ತೆ ಮೊದಲಿನಿಂದ ಬಿಟ್ಟರು.

ಪುತ್ತೂರಿನ ಆ ಸಭಾಂಗಣದಲ್ಲಿ ಕೂತವರಲ್ಲಿ ಹೆಚ್ಚಿನವರು ತಮ್ಮ ತಮ್ಮ ಇಗರ್ಜಿಯಲ್ಲಿ ಗಾನವೃಂದ ನಡೆಸುವವರು. ಮನೆಯಲ್ಲಿ ಕೊಂಕಣಿ, ಮಲಯಾಳ, ತುಳು. ತರಬೇತಿಗೆ ಬಂದ ಮೇಲೆ ಎಲ್ಲರಿಗೂ ಕನ್ನಡ. ನಿಮ್ಮವರ ಹಾಡನ್ನು ರೆಕಾರ್ಡ್ ಮಾಡಿ ತನ್ನಿ, ತಪ್ಪು ಎಲ್ಲಿ ಅಂತ ಒಟ್ಟಿಗೆ ಹುಡುಕುವ ಎಂದು ಸರ್ ಕಳೆದ ಶನಿವಾರ ಹೇಳಿದ್ದರು.

ಕಡಬದ ಕಡೆಯಿಂದ ಬಂದಿದ್ದ ಮೋಳಿ ಟೀಚರಿಗೆ ಹುಡುಕಲು ಏನೂ ಇರಲಿಲ್ಲ. ತಪ್ಪು ಔಸೇಪ್ ಚೇಟನದ್ದು. ಎಲ್ಲರಿಗೂ ಚೇಟ, ಅಂದರೆ ಅಣ್ಣ; ರಬ್ಬರ್ ತೋಟವನ್ನು ಮಗನಿಗೆ ಬಿಟ್ಟುಕೊಟ್ಟು, ಹಾಡುವುದನ್ನು ಮಾತ್ರ ಬಿಡದ ಮನುಷ್ಯ. ಟೀಚರ್ ಎದುರು ನಿಂತು ಸ್ವರ ಎತ್ತಿದರೆ ಅವರು ಪ್ರತಿ ಸಾಲಿಗೂ ತಡವಾಗಿ ಬರುತ್ತಿದ್ದರು. ಅವರ ದಪ್ಪ ಸ್ವರದೊಂದಿಗೆ ಉಳಿದವರೂ ಎಳೆಯುತ್ತಿದ್ದರು. "ಚೇಟಾ, ಬಸ್ಸು ಹೋಯ್ತು," ಎಂದು ಟೀಚರ್ ಎಲ್ಲರೆದುರು ಛೇಡಿಸಿದರೆ, "ಹೋಗ್ಲಿ, ಹಿಂದಿನದ್ದು ಖಾಲಿ ಇರ್ತದೆ," ಎಂದು ಅವರೂ ನಗುತ್ತಿದ್ದರು. ಈ ಕ್ರಿಸ್‌ಮಸ್‌ಗೆ ಅವರನ್ನು ಗಾನವೃಂದದಿಂದ ಬಿಡಲೇಬೇಕು. ಆದರೆ ಹೇಳುವ ಬಾಯಿ ತನ್ನದಾಗುವುದು ಬೇಡ, ಪುತ್ತೂರಿನ ಸರ್ ಹೇಳಿದ್ದೆಂದರೆ ಆಗುತ್ತದೆ ಎಂದುಕೊಂಡು ಟೀಚರ್ ಫೋನನ್ನು ಬೇಕೆಂದೇ ಚೇಟನ ಪಕ್ಕದ ಕಿಟಕಿಯಲ್ಲಿಟ್ಟು ರೆಕಾರ್ಡ್ ಮಾಡಿದ್ದರು.

"ಇವರೇ ಸರ್. ಕೇಳಿದ್ರಲ್ಲ? ಯಾವಾಗಲೂ ಹೀಗೆಯೇ."

ಸರ್ ಪೆನ್ನಿನ ತುದಿಯಿಂದ ಮೇಜಿನ ಮೇಲೆ ತಾಳ ಹಾಕುತ್ತಿದ್ದರು. "ಅಲ್ಲ ಟೀಚರ್. ಇಲ್ಲಿ ನೋಡಿ, ಅಜ್ಜ ಉಸಿರು ತೆಗೊಂಡದ್ದು ಸರಿಯಾದ ಹೊತ್ತಿಗೇ. ಆದ್ರೆ ಬಾಯಿ ಬಿಡುದಿಲ್ಲ. ಯಾರಿಗೋ ಕಾಯ್ತಾರೆ."

ಸರ್ ಫೋನಿನ ಸದ್ದು ಹೆಚ್ಚಿಸಿದರು. ಫೋನಿನೊಳಗೆ ಮುದುಕನೊಬ್ಬ ಉಸಿರು ಎಳೆದುಕೊಂಡ ಸದ್ದು. ಪೆನ್ನು ಬಡಿಯಿತು. ಏನೂ ಇಲ್ಲ. ಆಮೇಲೆ ದೂರದಿಂದ ಒಂದು ಹೆಂಗಸಿನ ಸ್ವರ, ಸ್ವಲ್ಪ ಏದುತ್ತ, ಮೆಟ್ಟಿಲು ಹತ್ತಿ ಬಂದವರಂತೆ. ಅದು ಬಂದ ಮೇಲೆಯೇ ಚೇಟನ ಸ್ವರ, ಉಳಿದವರ ಸ್ವರ. ಮುಂದಿನ ಸಾಲಿನಲ್ಲೂ ಹಾಗೆಯೇ.

ಆ ಹೆಂಗಸಿನ ಸ್ವರ ಯಾರದ್ದೆಂದು ಸರ್ ಕೇಳಲಿಲ್ಲ. ಫೋನನ್ನು ಆರಿಸಿ ಟೀಚರ ಕೈಗೆ ಕೊಟ್ಟು, "ಚಾ ತಣೀತದೆ, ಕುಡಿದು ಬರುವ," ಎಂದರು.

ಊರಿಗೆ ಹೋಗುವ ಬಸ್ಸು ಸವಣೂರು ದಾಟಿತು. ಟೀಚರ ಜೊತೆಗೆಂದು ತರಬೇತಿಗೆ ಬಂದಿದ್ದ ಜೆಸ್ಮಿ ಅವರ ಗಾನವೃಂದದ ಹುಡುಗಿ. ಕಿತ್ತಳೆ ಸುಲಿದು ಅರ್ಧ ಕೊಟ್ಟಳು.

"ನಿನಗೆ ಗೊತ್ತಿತ್ತಾ ಜೆಸ್ಮಿ?"

ಜೆಸ್ಮಿ ಕಿತ್ತಳೆಯ ನಾರು ಬಿಡಿಸುತ್ತ ಕೂತಳು. "ನಿಮ್ಮ ಥೈರಾಯ್ಡ್ ಆಪರೇಶನ್ ಆಯ್ತಲ್ಲ ಟೀಚರ್, ಅದರ ನಂತರ. ನೀವು ಮತ್ತೆ ಹಾಡಲಿಕ್ಕೆ ಬರುವ ಮೊದಲೇ ಚೇಟ ನಮಗೆ ಹೇಳಿದ್ದರು. ಟೀಚರಿಗೆ ಉಸಿರು ಸಿಗ್ಲಿ, ನಾವು ಓಡಿ ಎಲ್ಲಿಗೆ ಹೋಗುದುಂಟು ಅಂತ."

"ಮತ್ತೆ ನಾನು ಅವರನ್ನೇ..."

"ಹೇಳಿದ್ರೆ ನೀವು ಹಾಡುದು ಬಿಡ್ತೀರಿ ಅಂತ ಹೆದರಿಕೆ, ಟೀಚರ್."

ಕೋಪ ಬರಬೇಕೋ ಅಳು ಬರಬೇಕೋ ಟೀಚರಿಗೆ ತಿಳಿಯಲಿಲ್ಲ. ಇಷ್ಟು ಜನ ಸೇರಿ ಮೋಸ ಮಾಡಿದರೇ? ಮೋಸವೆಂದರೆ ಹೀಗಿರುತ್ತದೆಯೇ? ತನ್ನ ಕಿವಿಗೆ ತನ್ನ ಸ್ವರ ಸರಿಯಾದ ಹೊತ್ತಿಗೇ ಕೇಳುತ್ತಿತ್ತಲ್ಲ. ಕಿತ್ತಳೆ ಕೈಯಲ್ಲೇ ಉಳಿಯಿತು.

ಭಾನುವಾರ ಪೂಜೆ ಮುಗಿದ ಮೇಲೆ ಅಭ್ಯಾಸಕ್ಕೆ ಎಲ್ಲರೂ ಸೇರಿದರು. ಔಸೇಪ್ ಚೇಟ ಹಿಂದಿನ ಸಾಲಿನಲ್ಲಿ, ಒಗೆದು ಗಂಜಿ ಹಾಕಿದ ಬಿಳಿ ಅಂಗಿಯಲ್ಲಿ.

"ಪುತ್ತೂರಿನವರು ನನ್ನ ಹಾಡಿಗೆ ಎಷ್ಟು ಮಾರ್ಕ್ ಕೊಟ್ರು ಟೀಚರ್?" ಎಂದರು. "ಕಿಟಕಿಯಲ್ಲಿ ಫೋನಿಟ್ಟದ್ದು ನಾನು ನೋಡಿದ್ದೇನೆ. ಫೇಲಾದ್ರೆ ಹೇಳಿ ಮಾರಾಯ್ರೆ, ಮನೆಯಲ್ಲಿ ಕೂತು ಮೊಮ್ಮಗಳಿಗೆ ಹಾಡ್ತೇನೆ. ಅವಳು ಓಡಿಹೋಗುವಷ್ಟು ದೊಡ್ಡವಳಾಗಿಲ್ಲ."

ಎಲ್ಲರೂ ನಕ್ಕರು. ಚೇಟನ ಕಣ್ಣು ಮಾತ್ರ ನಗದೆ ಟೀಚರ ಮುಖದಲ್ಲೇ ಇತ್ತು. ಟೀಚರ್ ಎದುರಿನ ಸಾಲಿನಲ್ಲಿ ಒಂದು ಜಾಗ ಬಿಡಿಸಿದರು.

"ಕ್ರಿಸ್‌ಮಸ್‌ಗೆ ನೀವು ಎದುರಿನ ಸಾಲಿನಲ್ಲಿ ನಿಲ್ಲಬೇಕು," ಎಂದರು. "ಈಗಲೇ ಬನ್ನಿ."

ಚೇಟ ನಂಬದವರಂತೆ ಅಕ್ಕಪಕ್ಕ ನೋಡಿ, ಬೆಂಚು ಹಿಡಿದುಕೊಂಡು ಮುಂದೆ ಬಂದರು.

"ಇನ್ನು ಮೇಲೆ ನಾನು ಹಾಡುದಿಲ್ಲ," ಎಂದು ಟೀಚರ್ ಮುಂದುವರಿಸಿದರು. "ಎದುರು ನಿಲ್ಲುವವರು ಹಾಡಬಾರದಂತೆ. ಕೈ ಮಾತ್ರ. ಕೈ ಇಳಿದ ಕೂಡಲೇ ನೀವು ಸ್ವರ ಬಿಡಬೇಕು. ಯಾರಿಗೂ ಕಾಯಬಾರದು."

ಜೆಸ್ಮಿ ತಲೆ ತಗ್ಗಿಸಿದಳು.

ಟೀಚರ್ ತುಟಿ ಬಿಗಿದು ಕೈ ಎತ್ತಿದರು. ಎಲ್ಲರ ಎದೆ ಒಟ್ಟಿಗೆ ಏರಿತು. ಕೈ ಇಳಿಸಿದರು.

ಒಂದು ಸ್ವರವೂ ಹೊರಡಲಿಲ್ಲ. ಹೊರಗೆ ಯಾರೋ ಬೈಕ್ ಸ್ಟಾರ್ಟ್ ಮಾಡಿ ಹೋದರು. ಎದುರು ಸಾಲಿನಲ್ಲಿ ಔಸೇಪ್ ಚೇಟ ಕೆನ್ನೆ ಉಬ್ಬಿಸಿ ನಿಂತಿದ್ದರು; ಅಂಗಿಯ ಗುಂಡಿ ಬಿಗಿದಿತ್ತು, ಕಣ್ಣು ಟೀಚರ ಕೈಯ ಮೇಲಿರದೆ ತುಟಿಯ ಮೇಲಿತ್ತು.